ಪಂಪು, ಪೈಪು ಮತ್ತು ಟ್ಯಾಲಿ ಪ್ರೈಮ್: ಖರೀದಿ ನೋಡಿಕೊಳ್ಳುವವಳ ವಿಮರ್ಶೆ

ದಾವಣಗೆರೆಯಲ್ಲಿ ನಮ್ಮದು ಪಂಪು, ಪೈಪು, ಡ್ರಿಪ್ ಸಾಮಾನಿನ ಹೋಲ್‌ಸೇಲ್ ಅಂಗಡಿ. ಖರೀದಿ ಮತ್ತು ವಸೂಲಿ ಎರಡನ್ನೂ ನಾನು ನೋಡಿಕೊಳ್ಳುತ್ತೇನೆ. ಯಾವ ಮಾಲು ಎಷ್ಟು ತರಿಸಬೇಕು, ಯಾರಿಗೆ ಎಷ್ಟು ಉದ್ದರಿ ಕೊಡಬೇಕು, ಯಾವುದನ್ನು ಕಡಿಮೆ ರೇಟಿಗಾದರೂ ಮಾರಿ ಮುಗಿಸಬೇಕು. ದಿನ ಬೆಳಗಾದರೆ ಇವೇ ಪ್ರಶ್ನೆಗಳು. ಉತ್ತರ ಹುಡುಕಲು ನಾನು ಮೊದಲು ತೆರೆಯುವುದು ಲೆಕ್ಕ ಮತ್ತು ಸ್ಟಾಕ್ ಇಡುವ ಸಾಫ್ಟ್‌ವೇರ್ ಟ್ಯಾಲಿ ಪ್ರೈಮ್. ಹಾಗಾಗಿ ಈ ವಿಮರ್ಶೆಯನ್ನು ಅಂಗಡಿ ನಡೆಸುವವರ ಕಡೆಯಿಂದ ಬರೆಯುತ್ತಿದ್ದೇನೆ. ಜಿಎಸ್‌ಟಿ ಫೈಲಿಂಗ್ ಹೇಗಿದೆ ಅನ್ನುವುದನ್ನು ನಿಮ್ಮ ಅಕೌಂಟೆಂಟ್ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಬಹಳ ಕಡೆ ಮಾಲೀಕರು ಟ್ಯಾಲಿ ನೆನೆಸಿಕೊಳ್ಳುವುದು ಜಿಎಸ್‌ಟಿ ರಿಟರ್ನ್‌ಗಳು, ಅಂದರೆ 11ನೇ ತಾರೀಕಿನ ಜಿಎಸ್‌ಟಿಆರ್-1, 20ರ 3ಬಿ ಹತ್ತಿರ ಬಂದಾಗ ಮಾತ್ರ. ಉಳಿದ ದಿನ ಅದು ಬಿಲ್ ಹಾಕುವ ಹುಡುಗನ ಪಾಲು. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಈ ಸಾಫ್ಟ್‌ವೇರ್ ಹುಟ್ಟಿದ್ದೇ ಒಬ್ಬ ವ್ಯಾಪಾರಿಯ ಅಗತ್ಯದಿಂದ. ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಅವರು ಜವಳಿ ಗಿರಣಿಗಳಿಗೆ ಯಂತ್ರದ ಬಿಡಿಭಾಗ ಪೂರೈಸುತ್ತಿದ್ದರು. ತಮ್ಮ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗದಿದ್ದಾಗ ಮಗ ಭರತ್ ಗೋಯೆಂಕಾ ಅವರಿಂದಲೇ ಮಾಡಿಸಿದರು. 1986ರಲ್ಲಿ ಕಂಪನಿ ಶುರುವಾಯಿತು. ಆಗ ಅದರ ಹೆಸರು ಪ್ಯೂಟ್ರಾನಿಕ್ಸ್. ಹತ್ತಿ ಗಿರಣಿಗಳಿಂದಲೇ ಬೆಳೆದ ಊರಿನವಳಾದ ನನಗೆ ಈ ಕತೆ ತುಂಬಾ ಹತ್ತಿರದ್ದು. ಮಾಲೀಕನಿಗೆ ಅಂತ ಮಾಡಿದ್ದನ್ನು ಮಾಲೀಕನೇ ನೋಡದಿದ್ದರೆ ಹೇಗೆ?

ಮೊದಲು ಉದ್ದರಿ ವಿಷಯ. ನಮ್ಮ ವ್ಯಾಪಾರದ ಜೀವ ಇರುವುದು ಇಲ್ಲಿ.

ಟ್ಯಾಲಿಯಲ್ಲಿ ಪಾರ್ಟಿ ಲೆಡ್ಜರ್, ಅಂದರೆ ಒಬ್ಬ ಗಿರಾಕಿಯ ಖಾತೆ, ಮಾಡುವಾಗ ಬಿಲ್ ಪ್ರಕಾರ ಬಾಕಿ ಇಡಬೇಕೇ ಅಂತ ಕೇಳುತ್ತದೆ. ಅದಕ್ಕೆ ಹೌದು ಅನ್ನಬೇಕು, ಎಷ್ಟು ದಿನದ ಉದ್ದರಿ ಅನ್ನುವುದನ್ನೂ ತುಂಬಬೇಕು. ದುಡ್ಡು ಬಂದಾಗ ಅದು ಯಾವ ಬಿಲ್ಲಿಗೆ ಅಂತ ಹೊಂದಿಸಬೇಕು. 'ಆನ್ ಅಕೌಂಟ್' ಅಂತ ಸುಮ್ನೆ ಜಮಾ ಮಾಡಿಬಿಟ್ಟರೆ ಒಟ್ಟು ಬಾಕಿ ಸರಿಯಾಗೇ ಇರುತ್ತದೆ, ಆದರೆ ಯಾವ ಬಿಲ್ಲು ಎಷ್ಟು ಹಳೆಯದು ಅನ್ನುವುದು ಕೈತಪ್ಪುತ್ತದೆ. ಒಟ್ಟು ಬಾಕಿಯಿಂದ ನಿರ್ಧಾರ ಮಾಡಲು ಆಗುವುದಿಲ್ಲ. ಇಬ್ಬರು ಚಿಲ್ಲರೆ ಅಂಗಡಿಯವರ ಬಾಕಿ ತಲಾ 3 ಲಕ್ಷ ಇದೆ ಅಂದುಕೊಳ್ಳಿ. ಒಬ್ಬರದು ಹೋದ ತಿಂಗಳ ಮಾಲು. ಇನ್ನೊಬ್ಬರದು ಹೋದ ಬೇಸಿಗೆಯದು. ಹೊಸ ಲೋಡ್ ಯಾರಿಗೆ ಕಳಿಸಬೇಕು ಅನ್ನುವುದು ಬಿಲ್ಲಿನ ವಯಸ್ಸು ನೋಡಿದ ಕೂಡಲೇ ಗೊತ್ತಾಗುತ್ತದೆ.

ನಾವು ಇನ್ನೊಂದು ಕೆಲಸ ಮಾಡಿದ್ದೇವೆ. ಸಾಲಗಾರರ ಗುಂಪಿನೊಳಗೆ ಊರಿನ ಪ್ರಕಾರ ಉಪಗುಂಪುಗಳು: ಚನ್ನಗಿರಿ, ಹರಿಹರ, ಮಲೇಬೆನ್ನೂರು, ಜಗಳೂರು, ಹೊನ್ನಾಳಿ. ಈಗ ವಸೂಲಿಗೆ ಹೊರಡುವ ಹುಡುಗನಿಗೆ ಆ ದಿಕ್ಕಿನ ಪಟ್ಟಿ ಮಾತ್ರ ತೆಗೆದುಕೊಟ್ಟರೆ ಸಾಕು. ಇದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಚನ್ನಗಿರಿ ಕಡೆ ಅಡಿಕೆ ಕೊಯ್ಲಾಗಿ ಮಾಲು ಮಾರಿದ ಮೇಲೆ ದುಡ್ಡು ಓಡಾಡುತ್ತದೆ. ಹರಿಹರ, ಮಲೇಬೆನ್ನೂರು ಕಡೆ ಭತ್ತದ ಕಟಾವಿನ ಮೇಲೆ. ಹಾಗಾಗಿ 90 ದಿನ ದಾಟಿದ ಬಾಕಿ ಎಲ್ಲ ಊರಿನಲ್ಲೂ ಒಂದೇ ಅರ್ಥ ಕೊಡುವುದಿಲ್ಲ. ಗುಂಪು ಮಾಡಿದ್ದರಿಂದ ಇದು ಪರದೆಯ ಮೇಲೇ ಕಾಣುತ್ತದೆ. ಒಂದು ಗುಂಪಿನಲ್ಲಿ ಎಲ್ಲರೂ ತಡ ಮಾಡಿದ್ದರೆ ಅದು ಬೆಳೆಯ ತಾಪತ್ರಯ. ಒಬ್ಬರೇ ತಡ ಮಾಡಿದ್ದರೆ ನಾನೇ ಫೋನ್ ಮಾಡುತ್ತೇನೆ.

ಎಂಟರ್ ಒತ್ತುತ್ತಾ ಒಳಗೆ ಇಳಿಯುವ ಸೌಲಭ್ಯ ಇದೆಯಲ್ಲ, ಅದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಬ್ಯಾಲೆನ್ಸ್ ಶೀಟಿನ ಒಂದು ಅಂಕಿಯಿಂದ ಗುಂಪಿಗೆ, ಅಲ್ಲಿಂದ ಪಾರ್ಟಿಗೆ, ತಿಂಗಳಿಗೆ, ಕೊನೆಗೆ ಆ ಒಂದು ಬಿಲ್ಲಿಗೆ. ಅಂಕಿ ವಿಚಿತ್ರ ಅನ್ನಿಸಿದರೆ ಯಾರನ್ನೂ ಕೇಳಬೇಕಾಗಿಲ್ಲ. ಆಲ್ಟ್ ಮತ್ತು ಜಿ ಒತ್ತಿ ರಿಪೋರ್ಟಿನ ಹೆಸರು ಟೈಪ್ ಮಾಡಿದರೆ ನೇರ ಅಲ್ಲಿಗೇ ಹೋಗುತ್ತದೆ. 2020ರ ನವೆಂಬರ್‌ನಲ್ಲಿ ಪ್ರೈಮ್ ಬಂದಾಗ ಸೇರಿದ ಅನುಕೂಲ ಇದು. ಟ್ಯಾಲಿಯ ಹಿಂದಿನ ಆವೃತ್ತಿ ಇಆರ್‌ಪಿ 9ರಲ್ಲಿ ಮೆನು ದಾರಿ ನೆನಪಿಟ್ಟುಕೊಳ್ಳಬೇಕಿತ್ತು, ಅದಕ್ಕೇ ಮಾಲೀಕರು ದೂರ ಉಳಿಯುತ್ತಿದ್ದರು ಅಂತ ನನಗನ್ನಿಸುತ್ತದೆ.

ಇನ್ನು ಸ್ಟಾಕ್. ಪ್ರತಿ ಐಟಂಗೂ ರೀಆರ್ಡರ್ ಲೆವೆಲ್, ಅಂದರೆ ಸ್ಟಾಕ್ ಇಷ್ಟಕ್ಕೆ ಇಳಿದರೆ ಮತ್ತೆ ತರಿಸಬೇಕು ಅನ್ನುವ ಮಟ್ಟ, ಕೊಡಬಹುದು. ಕೈಯಲ್ಲಿ ಎಷ್ಟಿದೆ, ಆರ್ಡರ್ ಹಾಕಿ ಬರಬೇಕಾದದ್ದು ಎಷ್ಟು, ನಾವು ಕೊಡಬೇಕಾದದ್ದು ಎಷ್ಟು, ಇಷ್ಟನ್ನೂ ಕಳೆದು ಕೂಡಿ ಎಷ್ಟು ತರಿಸಬೇಕು ಅಂತ ರೀಆರ್ಡರ್ ಸ್ಟೇಟಸ್ ತೋರಿಸುತ್ತದೆ. ಬಾಲ್ ವಾಲ್ವ್, ಎಲ್ಬೋ, ಸಾಲ್ವೆಂಟ್, ಟೇಪು ಇಂಥ ವರ್ಷವಿಡೀ ಹೋಗುವ ಸಾಮಾನಿಗೆ ಇದು ಅದ್ಭುತ. ನಾನು ತಲೆ ಕೆಡಿಸಿಕೊಳ್ಳುವುದೇ ಇಲ್ಲ. ಪಟ್ಟಿ ನೋಡಿ ಆರ್ಡರ್ ಕಳಿಸುತ್ತೇನೆ.

ಸಬ್‌ಮರ್ಸಿಬಲ್ ಪಂಪಿಗೆ ಮಾತ್ರ ಇದನ್ನು ನಂಬಲು ಆಗುವುದಿಲ್ಲ. ಇಷ್ಟು ದಿನದಲ್ಲಿ ಎಷ್ಟು ಮಾಲು ಖರ್ಚಾಗಿದೆ ಅನ್ನುವುದರ ಮೇಲೆ ಲೆವೆಲ್ ತಾನೇ ಲೆಕ್ಕ ಹಾಕುವಂತೆ ಇಡಬಹುದು. ಆದರೆ ಜನವರಿಯಲ್ಲಿ ಹಿಂದಿನ ಒಂದು ತಿಂಗಳು ನೋಡಿದರೆ ಪಂಪು ಹೋಗಿರುವುದೇ ಕಡಿಮೆ. ಬೇಡಿಕೆ ಏರುವುದು ಮಾರ್ಚ್, ಏಪ್ರಿಲ್‌ನಲ್ಲಿ. ಕಂಪನಿಗೆ ಆರ್ಡರ್ ಹೇಳಬೇಕಾದದ್ದು ಅದಕ್ಕೂ ಮೊದಲು. ಋತುವಿನ ಏರಿಳಿತ ಈ ಲೆಕ್ಕದೊಳಗೆ ಇಲ್ಲ. ಹಾಗಾಗಿ ಪಂಪಿಗೆ ನಾನು ಅವಧಿ ಬದಲಾಯಿಸಿ ಹಿಂದಿನ ಬೇಸಿಗೆಗಳ ಮಾರಾಟ ತೆಗೆಯುತ್ತೇನೆ, 5 ಎಚ್‌ಪಿ, 7.5 ಎಚ್‌ಪಿ ಅಂತ ಬೇರೆ ಬೇರೆಯಾಗಿ.

ಅಲ್ಲೂ ಜೋಪಾನವಾಗಿರಬೇಕು. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು. 2024ರ ಬೇಸಿಗೆಯಲ್ಲಿ ಎಲ್ಲಿ ನೋಡಿದರೂ ಬೋರು ಕೊರೆಯುವವರೇ. ನಮ್ಮ ಮಾರಾಟ ಏರಿತು. ಆ ವರ್ಷದ ಮಳೆಗಾಲ ಚೆನ್ನಾಗಾಗಿ ನಮ್ಮ ಕಡೆಯ ನಾಲೆಗಳಿಗೆ ನೀರು ಕೊಡುವ ಭದ್ರಾ ಅಣೆಕಟ್ಟೆ ತುಂಬಿತು. ಮುಂದಿನ ಬೇಸಿಗೆಗೆ ಆರ್ಡರ್ ಹಾಕಲು ಕೂತಾಗ ಟ್ಯಾಲಿ ತೋರಿಸಿದ್ದು ಬರಗಾಲದ ಅಂಕಿ. ಅದು ಸುಳ್ಳಲ್ಲ, ಆದರೆ ಆ ವರ್ಷಕ್ಕೆ ಹೊಂದುವಂಥದ್ದೂ ಅಲ್ಲ. ಭದ್ರಾ ಅಣೆಕಟ್ಟೆಯ ಗರಿಷ್ಠ ಮಟ್ಟ 186 ಅಡಿ. ನೀರು ಎಷ್ಟಿದೆ, ನಾಲೆಗೆ ಯಾವಾಗ ಬಿಡುತ್ತಾರೆ, ಕೊನೆಯ ಭಾಗದ ಹಳ್ಳಿಗಳಿಗೆ ಮುಟ್ಟುತ್ತದೋ ಇಲ್ಲವೋ, ಇದೆಲ್ಲ ಪೇಪರ್‌ನಲ್ಲಿ ಬರುತ್ತದೆ, ರೈತರ ಬಾಯಲ್ಲಿ ಬರುತ್ತದೆ. ಅದನ್ನು ಪಕ್ಕಕ್ಕಿಟ್ಟುಕೊಂಡು ಮಾರಾಟದ ರಿಪೋರ್ಟ್ ಓದಿದೆ. ನಾಲೆ ಇರುವ ಊರುಗಳ ಅಂಕಿಯನ್ನು ಇಳಿಸಿದೆ. ಬೋರನ್ನೇ ನಂಬಿದ ಜಗಳೂರು ಕಡೆಯದನ್ನು ಹೆಚ್ಚು ಮುಟ್ಟಲಿಲ್ಲ. ಊರಿನ ಗುಂಪು ಮಾಡಿರದಿದ್ದರೆ ಈ ಎರಡನ್ನು ಬೇರ್ಪಡಿಸಲು ಆಗುತ್ತಿರಲಿಲ್ಲ.

ಸ್ಟಾಕಿನ ವಯಸ್ಸು ತೋರಿಸುವ ಏಜಿಂಗ್ ರಿಪೋರ್ಟನ್ನೂ ಬಿಡಬೇಡಿ. ಗೋಡೌನಿನ ಮೂಲೆಯಲ್ಲಿ ಕೂತ ಹಳೆ ಮಾದರಿಯ ಸ್ಟಾರ್ಟರ್‌ಗಳು ಕಣ್ಣಿಗೆ ಬೀಳುವುದಿಲ್ಲ, ಈ ಪಟ್ಟಿಯಲ್ಲಿ ಬೀಳುತ್ತವೆ. ಸತ್ತ ಮಾಲಿನ ಮೇಲೂ ಬ್ಯಾಂಕ್ ಓಡಿಗೆ (ಓವರ್‌ಡ್ರಾಫ್ಟ್ ಸಾಲಕ್ಕೆ) ಬಡ್ಡಿ ಓಡುತ್ತಲೇ ಇರುತ್ತದೆ ಅಲ್ವಾ?

ಲಾಭದ ಅಂಕಿ ಓದುವಾಗ ಮಾತ್ರ ಒಂದು ಎಚ್ಚರಿಕೆ. ಎಲ್ಲ ಮಾಲಿನ ಪಟ್ಟಿ ಕೊಡುವ ಸ್ಟಾಕ್ ಸಮ್ಮರಿಯಲ್ಲಿ ಐಟಂವಾರು ಲಾಭ ತೋರಿಸುವಂತೆ ಇಡಬಹುದು. ಅದು ಸಾಮಾನ್ಯವಾಗಿ ಸರಾಸರಿ ಖರೀದಿ ಬೆಲೆಯ ಮೇಲೆ ಲೆಕ್ಕ ಹಾಕುತ್ತದೆ. ಪಿವಿಸಿ ಪೈಪಿನ ರೇಟು ಮೇಲಕ್ಕೆ ಹೋಗುತ್ತಿರುವಾಗ ಹಳೆ ಮಾಲು ಸೇರಿದ ಸರಾಸರಿ ಕಡಿಮೆ ಇರುತ್ತದೆ, ಲಾಭ ಜಾಸ್ತಿ ಕಾಣುತ್ತದೆ. ಆ ಖುಷಿಯಲ್ಲಿ ರಿಯಾಯಿತಿ ಕೊಟ್ಟರೆ ಅದೇ ಪೈಪನ್ನು ಮತ್ತೆ ತರಿಸಲು ಕೈಯಿಂದ ಹಾಕಬೇಕಾಗುತ್ತದೆ. ಕಂಟ್ರೋಲ್ ಮತ್ತು ಬಿ ಒತ್ತಿ ಕೊನೆಯ ಖರೀದಿ ಬೆಲೆಗೆ ಬದಲಾಯಿಸಿ ಇನ್ನೊಮ್ಮೆ ನೋಡಿ. ಎರಡು ಅಂಕಿಗಳ ನಡುವಿನ ಅಂತರ ನೋಡಿಯೇ ನಾನು ರೇಟು ಹೇಳುವುದು.

'ಸಿನಾರಿಯೊ' ಅನ್ನುವ ಸೌಲಭ್ಯದ ಬಗ್ಗೆ ಕೇಳಿದವರೇ ಕಡಿಮೆ. ಇನ್ನೂ ಆಗದ ಖರ್ಚನ್ನು ರಿವರ್ಸಿಂಗ್ ಜರ್ನಲ್ ಅನ್ನುವ ತಾತ್ಕಾಲಿಕ ಎಂಟ್ರಿಯಾಗಿ ಬರೆದಿಟ್ಟರೆ ಅಸಲಿ ಲೆಕ್ಕ ಕದಲುವುದಿಲ್ಲ. ಆದರೆ ಅದನ್ನು ಸೇರಿಸಿಕೊಂಡರೆ ಲಾಭ-ನಷ್ಟ ಹೇಗೆ ಕಾಣುತ್ತದೆ ಅಂತ ಪಕ್ಕದಲ್ಲೇ ತೋರಿಸುತ್ತದೆ. ಚನ್ನಗಿರಿಯಲ್ಲಿ ಒಂದು ಗೋಡೌನ್ ಬಾಡಿಗೆಗೆ ಹಿಡಿಯಬೇಕೇ ಅನ್ನುವ ಚರ್ಚೆ ಮನೆಯಲ್ಲಿ ನಡೆದಾಗ ಬಾಡಿಗೆ, ಹುಡುಗನ ಸಂಬಳ, ಲಗೇಜ್ ಆಟೋ ಖರ್ಚು ಎಲ್ಲ ಹೀಗೆ ಬರೆದು ತೋರಿಸಿದೆ. ಮಾತು ಬೇಗ ಮುಗಿಯಿತು. ಈ ವರ್ಷಕ್ಕೆ ಬೇಡ ಅಂತ ಎಲ್ಲರೂ ಒಪ್ಪಿದರು.

ಟ್ಯಾಲಿಗೆ ಗೊತ್ತಾಗದ ಇನ್ನೊಂದು ಸಂಗತಿ ಇದೆ. ಕೇಳಿಕೊಂಡು ಬಂದು, ಇಲ್ಲ ಅಂದಾಗ ವಾಪಸ್ ಹೋದ ಗಿರಾಕಿ. ಬಿಲ್ಲು ಆಗದಿದ್ದರೆ ದಾಖಲೆಯೂ ಇಲ್ಲ. ಯಾವ ಲೆಕ್ಕದ ಸಾಫ್ಟ್‌ವೇರಿಗೂ ಈ ಮಿತಿ ಇದ್ದೇ ಇದೆ. ಇದಕ್ಕಾಗಿ ನಮ್ಮ ಕೌಂಟರ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಇಲ್ಲ ಅಂದ ಪ್ರತಿ ಮಾಲನ್ನೂ ಅದರಲ್ಲಿ ಬರೆಯಬೇಕು. 16 ಎಂಎಂ ಡ್ರಿಪ್ ಲ್ಯಾಟರಲ್ (ಹನಿ ನೀರಾವರಿಯ ಸಣ್ಣ ಪೈಪು) ಜಾಸ್ತಿ ತರಿಸಲು ಶುರು ಮಾಡಿದ್ದು ಆ ಪುಸ್ತಕ ನೋಡಿಯೇ.

ಬೆಲೆ ವಿಷಯ. ಒಂದು ಕಂಪ್ಯೂಟರಿನ ಸಿಲ್ವರ್ ಲೈಸೆನ್ಸ್ ನಾವು ತೆಗೆದುಕೊಂಡಾಗ 22,500 ರೂಪಾಯಿ, ಮೇಲೆ 18% ಜಿಎಸ್‌ಟಿ. ಹಲವರು ಒಟ್ಟಿಗೆ ಬಳಸುವ ಗೋಲ್ಡ್ 67,500. ಈಗಿನ ದರ ವಿಚಾರಿಸಿಕೊಳ್ಳಿ. ಲೈಸೆನ್ಸ್ ಶಾಶ್ವತವಾದರೂ ಹೊಸ ಆವೃತ್ತಿಗಳು ಬೇಕಾದರೆ ವರ್ಷಕ್ಕೊಮ್ಮೆ ನವೀಕರಣ ಶುಲ್ಕ ಕಟ್ಟಬೇಕು. ನಮ್ಮಂಥ ವ್ಯಾಪಾರಕ್ಕೆ ಇದು ದುಬಾರಿ ಅಲ್ಲ. ಒಂದು ಕೆಟ್ಟ ಉದ್ದರಿ ತಪ್ಪಿದರೂ ದುಡ್ಡು ವಾಪಸ್ ಬಂದಂತೆ.

ಕೊಳ್ಳುವ ಮೊದಲು ಎಜುಕೇಶನಲ್ ಮೋಡ್‌ನಲ್ಲಿ ಉಚಿತವಾಗಿ ನೋಡಬಹುದು. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ಎಂಟ್ರಿ ಹಾಕಲು ಆಗುತ್ತದೆ, ಆದರೆ ರಿಪೋರ್ಟುಗಳನ್ನು ಅರ್ಥ ಮಾಡಿಕೊಳ್ಳಲು ಅಷ್ಟು ಸಾಕು. ಡೆಮೊ ಕೊಡಲು ಬಂದವರು ಸಾಮಾನ್ಯವಾಗಿ ಬಿಲ್ ಎಷ್ಟು ಬೇಗ ಹಾಕಬಹುದು ಅಂತಲೇ ತೋರಿಸುತ್ತಾರೆ. ಅವರನ್ನು ಅಲ್ಲೇ ನಿಲ್ಲಿಸಿ. ನಿಮ್ಮದೇ ನಾಲ್ಕು ಪಾರ್ಟಿ, ನಾಲ್ಕು ಐಟಂ ಹಾಕಿಸಿ, ಬಾಕಿಯ ವಯಸ್ಸು ಮತ್ತು ಸ್ಟಾಕಿನ ವಯಸ್ಸು ತೆಗೆದು ತೋರಿಸಲು ಹೇಳಿ. ಆಮೇಲೆ ಮೌಸು, ಕೀಬೋರ್ಡು ನಿಮ್ಮ ಕೈಗೆ ತೆಗೆದುಕೊಂಡು ಅದನ್ನೇ ಇನ್ನೊಮ್ಮೆ ಮಾಡಿ ನೋಡಿ.