ಚಾಂದೋಲಿಯೋ, ಕುದುರೆಮುಖವೋ?

ಎರಡು ದಿನವಷ್ಟೇ ರಜೆ ಇದ್ದರೆ ಹೆಚ್ಚು ಯೋಚಿಸಬೇಡಿ, ಮಹಾರಾಷ್ಟ್ರದ ಚಾಂದೋಲಿ ಕಾಡಿಗೆ ಹೊರಡಿ. ಮುಂಬೈಯಿಂದ ಪುಣೆ, ಕರಾಡ್ ದಾಟಿ ರಸ್ತೆಯಲ್ಲೇ ಹೋಗಬಹುದು. 2004ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡು ಕೊಯ್ನಾ ಅಭಯಾರಣ್ಯದ ಜೊತೆ ಸೇರಿ ಈಗ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶ. ಒಳಗೆ ವಾಹನದಲ್ಲೇ ಸುತ್ತಬಹುದಾದ್ದರಿಂದ ಮೊಣಕಾಲು ನೋವಿರುವ ಹಿರಿಯರಿಗೂ ಸರಿ. ವಾರಣಾ ನದಿಯ ಹಿನ್ನೀರು ನೋಡಲು ಚೆನ್ನ. ಮಳೆಗಾಲದಲ್ಲಿ ಮಾತ್ರ ಮುಚ್ಚಿರುತ್ತದೆ.

ನಾಲ್ಕು ದಿನ ಸಿಕ್ಕರೆ ನನ್ನ ಮನಸ್ಸು ಕುದುರೆಮುಖದ ಕಡೆಗೇ. ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ರೈಲು ಹತ್ತಿದರೆ ಮರುದಿನ ಬೆಳಗ್ಗೆ ಉಡುಪಿ. ಅಲ್ಲಿಂದ ಕಾರ್ಕಳದ ಮೇಲೆ ಘಟ್ಟ ಹತ್ತುವುದು. ಡೊಂಬಿವಲಿಯ ನಮ್ಮಂಥ ಕರಾವಳಿ ಮೂಲದವರಿಗೆ ಊರಿಗೆ ಹೋದಂತೆಯೂ ಆಯಿತು, ಮನೆಯಲ್ಲಿ ಅಮ್ಮನ ಕೈಯ ನೀರುದೋಸೆಯೂ ಸಿಕ್ಕಿತು. ಶಿಖರದ ಎತ್ತರ ಸುಮಾರು 1,890 ಮೀಟರ್. ಬೆಟ್ಟದ ಬುಡದ ಮುಳ್ಳೋಡಿಯಿಂದ ಹತ್ತಿ ಇಳಿಯಲು ಒಂದು ಇಡೀ ದಿನ ಬೇಕು, ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು, ಮೇಲೆ ಡೇರೆ ಹಾಕಿ ಉಳಿಯುವಂತಿಲ್ಲ.

ಶೋಲಾ ಕಾಡು, ಅಂದರೆ ಬೆಟ್ಟದ ಕಣಿವೆಗಳ ದಟ್ಟ ಕಾಡು, ಮತ್ತು ಹುಲ್ಲುಗಾವಲು ಅಕ್ಕಪಕ್ಕ ಹಬ್ಬಿರುವ ಆ ನೋಟ ಚಾಂದೋಲಿಯಲ್ಲಿ ಸಿಗದು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಕುದುರೆಮುಖದ ಈ ಕಾಡಿನಲ್ಲೇ, ಗಂಗಾಮೂಲದಲ್ಲಿ. ಇದೇ ಬೆಟ್ಟಗಳಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಅದಿರು ಅಗೆಯುತ್ತಿದ್ದರು. ಜನ ಹೋರಾಡಿದ್ದರಿಂದ, ನ್ಯಾಯಾಲಯ ಆದೇಶಿಸಿದ್ದರಿಂದ ಅದು ನಿಂತಿತು. ಹೋಗುವ ಮೊದಲು ಮಕ್ಕಳಿಗೆ ಈ ಕಥೆ ಹೇಳಿ. ಜಿಗಣೆಗೆ ಸುಣ್ಣವೋ ಉಪ್ಪೋ ಕಟ್ಟಿಕೊಳ್ಳಿ. ಹೋಗುವುದು ಅಕ್ಟೋಬರ್ ಕಳೆದ ಮೇಲಾದರೆ ಒಳ್ಳೆಯದು.