ದೋಣಿಗೆ ಟೂ ಪ್ಯಾಕ್ ಪಿಯು ಗ್ಲಾಸಿ ಪೇಂಟ್, ಬಳಸಿ ನೋಡಿದ್ಮೇಲೆ
ಮಲ್ಪೇಲಿ ನಮ್ಮ ಸಣ್ಣ ಫೈಬರ್ ದೋಣಿಗೆ ಈ ಸಲ ಮಾಮೂಲಿ ಎನಾಮೆಲ್ ಬಿಟ್ಟು ಪಿಯು (ಪಾಲಿಯುರೆಥೇನ್) ಪೇಂಟ್ ಹೊಡ್ದೆ, ಪೇಂಟು, ಅದನ್ನ ಗಟ್ಟಿ ಮಾಡೋ ಹಾರ್ಡನರ್ ಅಂತ ಎರಡು ಡಬ್ಬ ಬರುತ್ತೆ, ಬೆರೆಸಿ ಹೊಡೀಬೇಕು. ರೇಟ್ ಜಾಸ್ತಿನೇ, ಆದ್ರೆ ಆ ಹೊಳಪು ನೋಡಿದ್ಮೇಲೆ ಕೊಟ್ಟ ದುಡ್ಡಿಗೆ ಬೇಜಾರಿಲ್ಲ.

ಮೊದಲ್ನೇ ಕೋಟ್ ಮಾತ್ರ ಹಾಳಾಯ್ತು. ಜನವರಿ ಸಂಜೆ ಹೊಡ್ದಿದ್ದೆ, ರಾತ್ರಿ ಇಬ್ಬನಿ ಬಿದ್ದು ಬೆಳಗ್ಗೆ ನೋಡಿದ್ರೆ ಇಡೀ ಪಕ್ಕ ಬೂದಿ ಬಳ್ದಂಗೆ ಮಂಕಾಗಿತ್ತು, ಹೊಟ್ಟೆ ಉರೀತು. ಮತ್ತೆ 320 ನಂಬರ್ ವಾಟರ್ ಪೇಪರಲ್ಲಿ ಉಜ್ಜಿ, ಥಿನ್ನರ್ ಬಟ್ಟೇಲಿ ಒರೆಸಿ, ಇಬ್ಬನಿ ಆರಿದ್ಮೇಲೆ ನೆರಳಲ್ಲಿ ಶುರು ಮಾಡಿದ್ವಿ. ನಾನು ಫೋಮ್ ರೋಲರಲ್ಲಿ ತೆಳ್ಳಗೆ ಹಚ್ತಾ ಹೋದೆ, ಹಿಂದೇನೇ ತಮ್ಮ ಮೆತ್ತನೆ ಬ್ರಷ್ ತುದೀಲಿ ಭಾರ ಹಾಕ್ದೆ ಸವರ್ತಾ ಬಂದ, ರೋಲರ್ ಬಿಟ್ಟ ಸಣ್ಣ ಗುಳ್ಳೆಗಳೆಲ್ಲ ಒಡೆದು ಪೇಂಟ್ ತಾನಾಗೇ ಹರಡ್ಕೊಂಡು ಕನ್ನಡಿ ಥರ ಕೂತ್ಕೊಳ್ತು. ಸವರಿದ ಜಾಗಕ್ಕೆ ಮತ್ತೆ ಬ್ರಷ್ ಹಾಕ್ಲೇಬೇಡಿ, ಗೆರೆ ಉಳಿಯುತ್ತೆ.

ಹಾರ್ಡನರನ್ನ ಡಬ್ಬದ ಮೇಲಿನ ಅಳತೆಗೇ ಬೆರೆಸಿ, ಸ್ವಲ್ಪ ಸ್ವಲ್ಪನೇ ಕಲಸಿ, ಉಳಿದಿದ್ದು ಗಟ್ಟಿಯಾಗಿ ವೇಸ್ಟಾಗುತ್ತೆ. ಮಾಸ್ಕ್ ಬೇಕೇ ಬೇಕು. ನೀರಲ್ಲಿ ಮುಳುಗೋ ಭಾಗಕ್ಕೆ ಇದು ಬೇಡ, ಅಲ್ಲಿಗೆ ಪಾಚಿ, ಚಿಪ್ಪು ಹಿಡೀದಂಗೆ ತಡೆಯೋ ಆಂಟಿಫೌಲಿಂಗ್ ಪೇಂಟೇ ಹಾಕಿ. ಈಗ ದೋಣಿ ಪಕ್ಕದಲ್ಲಿ ಒಣಹಾಕಿದ ಬಲೆಯ ಕಣ್ಣುಗಳೂ ಆ ನೀಲಿ ಬಣ್ಣದೊಳಗೆ ಸ್ಪಷ್ಟವಾಗಿ ಕಾಣ್ತವೆ.