ಟ್ಯಾಂಕ್ ಇಲ್ಲದ ಕಂಪ್ರೆಸರ್: ಸಿಲ್ವರ್ ಜೆಟ್‌ಗೂ ಧಾರವಾಡದ ಮಳೆಗೂ ಆಗಿಬರಲ್ಲ

ನಾನು ಕಟ್ಟುವುದು ಹಳೆಯ ಜೆಟ್ ಯುದ್ಧವಿಮಾನಗಳ ಮಾಡೆಲ್ ಮಾತ್ರ. ಅದರಲ್ಲೂ ನಮ್ಮ ವಾಯುಪಡೆಯವು. 1948ರಲ್ಲಿ ಬಂದ ವ್ಯಾಂಪೈರ್, 1953ರಲ್ಲಿ ಫ್ರಾನ್ಸ್‌ನಿಂದ ಬಂದ ತೂಫಾನಿ, ಅದರ ನಂತರದ ಮಿಸ್ಟೇರ್. ಎಲ್ಲವೂ 1/72 ಅಳತೆ, ರೆಕ್ಕೆ ಒಂದು ಗೇಣೂ ಬರಲ್ಲ. ತೂಫಾನಿ, ಮಿಸ್ಟೇರ್ ಬಂದಾಗ ಮೈಗೆ ಬಣ್ಣವೇ ಇರಲಿಲ್ಲ, ಬರೀ ಲೋಹದ ಹೊಳಪು. ಆ ಹೊಳಪು ಬರಬೇಕಾದರೆ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಬೇಕೇ ಬೇಕು, ಅದಕ್ಕೆ ಗಾಳಿ ಒತ್ತಿ ಕೊಡಲು ಕಂಪ್ರೆಸರ್. ಗಾಳಿ ತುಂಬಿಡುವ ಟ್ಯಾಂಕ್ ಇರುವ ಕಂಪ್ರೆಸರ್‌ಗೆ ದುಡ್ಡು ಜಾಸ್ತಿ. ಹಾಗಾಗಿ ಆನ್‌ಲೈನ್‌ನಲ್ಲಿ ಸಿಕ್ಕ, ಟ್ಯಾಂಕ್ ಇಲ್ಲದ ಈ ಸಣ್ಣದನ್ನು ತರಿಸಿದೆ.

ಚಳಿಗಾಲ, ಬೇಸಿಗೆಯಲ್ಲಿ ಇದರ ಮೇಲೆ ಒಂದು ದೂರೂ ಇರಲಿಲ್ಲ. ರಾತ್ರಿ ಊಟ ಆದಮೇಲೆ ಹಿತ್ತಲ ಕೋಣೆಯಲ್ಲಿ ಕೂರುತ್ತೇನೆ. ಹಿಂದಿನ ದಿನವೇ ಹೊಳೆಯುವ ಕಪ್ಪು ಬಣ್ಣ ಹೊಡೆದು ಒಣಗಿಸಿರುತ್ತೇನೆ, ಸಿಲ್ವರ್‌ಗೆ ಅದೇ ತಳಪಾಯ. ಶೀಶೆಯ ತಳದಲ್ಲಿ ಕೂತ ಲೋಹದ ಪುಡಿ ಮೇಲೆ ಬರುವವರೆಗೆ ಕಲಕಬೇಕು. ಮೊದಲ ಹೊಡೆತ ಹಳೆಯ ಪ್ಲಾಸ್ಟಿಕ್ ಚಮಚದ ಮೇಲೆ. ಒತ್ತಡ 15 ಪಿಎಸ್‌ಐ ಸುತ್ತ ಇದ್ದರೆ ಸಾಕು. ಒಂದೇ ಸಲ ದಪ್ಪಗೆ ಹೊಡೆಯಬಾರದು, ತೆಳ್ಳಗೆ, ಮತ್ತೆ ತೆಳ್ಳಗೆ. ಕಪ್ಪು ನಿಧಾನವಾಗಿ ಲೋಹ ಆಗುತ್ತಾ ಬರುತ್ತದಲ್ಲ, ಅದನ್ನು ನೋಡುವುದಕ್ಕೇ ಈ ಹವ್ಯಾಸ ಅನ್ನಿಸುತ್ತದೆ. ಕೊನೆಗೆ ಬಾಲದ ಹತ್ತಿರ, ಬಿಸಿಗಾಳಿ ಹೊರಬರುವ ಕಡೆ, ಸ್ವಲ್ಪ ಗಾಢ ಛಾಯೆ. ಯಂತ್ರದ ಸದ್ದೂ ಕಡಿಮೆ. ಅವ್ವ ಪಕ್ಕದ ಕೋಣೆಯಲ್ಲಿ ಮಲಗಿದ್ದರೂ ಎಚ್ಚರ ಆಗುವುದಿಲ್ಲ.

ಜುಲೈ ಬಂತು ನೋಡಿ, ಎಲ್ಲ ಕೆಟ್ಟಿತು. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ವಾ? ವಾರಗಟ್ಟಲೆ ಬಟ್ಟೆ ಒಣಗಲ್ಲ. ತೂಫಾನಿಯ ರೆಕ್ಕೆ ಅರ್ಧ ಮುಗಿದಿತ್ತು. ಏರ್‌ಬ್ರಷ್ ಬಾಯಿಂದ ಪಟ್ ಅಂತ ನೀರಿನ ಹನಿ ಹಾರಿ ಸಿಲ್ವರ್ ಮೇಲೆ ಬಿತ್ತು. ಬೇರೆ ಬಣ್ಣವಾದರೆ ತೇಪೆ ಹಾಕಬಹುದು. ಸಿಲ್ವರ್‌ನಲ್ಲಿ ಮುಚ್ಚಿಡಲು ಆಗಲ್ಲ, ಇಡೀ ರೆಕ್ಕೆ ಉಜ್ಜಿ ತೆಗೆಯಬೇಕು. ಅಷ್ಟು ಸಂಜೆಗಳ ಕೆಲಸ ಹೋಯಿತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಗಾಳಿಯಲ್ಲಿನ ನೀರು ಹಿಡಿಯುವ ವಾಟರ್ ಟ್ರ್ಯಾಪ್ ಕೊಟ್ಟಿದ್ದಾರೆ, ನಿಜ. ಆದರೆ ಅದನ್ನು ಯಂತ್ರದ ಬಾಯಿಗೇ ಕೂರಿಸಿದ್ದಾರೆ. ಒತ್ತಿದ ಗಾಳಿ ಅಲ್ಲಿ ಇನ್ನೂ ಬಿಸಿ ಇರುತ್ತದೆ. ಅದರೊಳಗಿನ ತೇವ ಆವಿಯಾಗಿಯೇ ಟ್ರ್ಯಾಪ್ ದಾಟಿಹೋಗುತ್ತದೆ. ಮುಂದೆ ಪೈಪಿನಲ್ಲಿ ತಣ್ಣಗಾದಾಗ ನೀರಾಗುತ್ತದೆ, ನೇರ ಮಾಡೆಲ್ ಮೇಲೆ. ಟ್ಯಾಂಕ್ ಇದ್ದರೆ ಗಾಳಿ ಅಲ್ಲೇ ತಣಿದು ನೀರು ತಳದಲ್ಲಿ ಉಳಿಯುತ್ತದೆ. ಬೆಲೆಯ ವ್ಯತ್ಯಾಸ ಇರುವುದು ಇದಕ್ಕೇ, ಆದರೆ ಮಾರುವವರು ಯಾರೂ ಇದನ್ನು ಬರೆದಿಲ್ಲ.

ಈಗ ಏರ್‌ಬ್ರಷ್‌ನ ಬುಡಕ್ಕೇ ಇನ್ನೊಂದು ಸಣ್ಣ ಟ್ರ್ಯಾಪ್ ಹಾಕಿದ್ದೇನೆ. ಕೆಲವು ನೂರು ರೂಪಾಯಿ ಅಷ್ಟೇ. ಹನಿ ನಿಂತಿದೆ. ನಡುನಡುವೆ ಅದರ ಗುಂಡಿ ಒತ್ತಿ ನೀರು ಬಿಡುತ್ತಿರಬೇಕು. ಆದರೂ ಜೋರು ಮಳೆಯ ದಿನ ಲ್ಯಾಕರ್, ಅಂದರೆ ಥಿನ್ನರ್ ಬೆರೆತ ಬೇಗ ಆರುವ ಬಣ್ಣ, ಮುಟ್ಟಬೇಡಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ, ಹೊಳಪು ಹೋಗಿ ಬೆಳ್ಳಗೆ ಮಂಜು ಹಿಡಿಯುತ್ತದೆ. ಇದಕ್ಕೆ ಯಾವ ಟ್ರ್ಯಾಪೂ ಪರಿಹಾರ ಅಲ್ಲ.

ಗದಗಿನ ಗೆಳೆಯನ ಹತ್ತಿರವೂ ಇದೇ ಯಂತ್ರ ಇದೆ. ಅಲ್ಲಿ ಮಳೆ ಕಡಿಮೆ, ಅವನು ಆರಾಮಾಗಿದ್ದಾನೆ. ಆ ಕಡೆಯವರು ಧೈರ್ಯವಾಗಿ ತಗೊಳ್ಳಿ. ಧಾರವಾಡದಲ್ಲಿದ್ದು ಸಿಲ್ವರ್ ಜೆಟ್ ಮಾಡುವವರು ಇನ್ನೂ ಸ್ವಲ್ಪ ದಿನ ದುಡ್ಡು ಕೂಡಿಸಿ, ಟ್ಯಾಂಕ್ ಇರುವುದನ್ನೇ ತರಿಸಿ. ನನ್ನ ಕಡೆಯಿಂದ 5ಕ್ಕೆ 3.